ಬಾಡಿಗೆ ಸರ್ವರ್‌ಗೆ ಬೀಗ ಹಾಕೋ ಮೊದಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶಿವಮೊಗ್ಗದ ಹೊಸಮನೆಯಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಸಹಿಸಿಕೊಳ್ಳಿ.

ಹೋದ ತಿಂಗಳು ನಮ್ಮ ಸಂಚಿಕೆಗಳು ಅರ್ಧ ದಿನ ಯಾಕೆ ಕೇಳಿಸ್ಲಿಲ್ಲ ಅಂತ ಹಲವರು ಕೇಳಿದ್ರಿ. ತಪ್ಪು ನನ್ನದೇ. ಅದನ್ನ ಹೇಳೋ ನೆಪದಲ್ಲಿ, ಸ್ವಂತಕ್ಕೊಂದು ಸರ್ವರ್ ಬಾಡಿಗೆ ಹಿಡಿದು ದೂರದಿಂದ ಅದರೊಳಗೆ ಹೋಗೋದು ಹೇಗೆ ಅಂತಾನೂ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ. ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.

ಸರ್ವರ್ ಯಾಕೆ ಬೇಕಾಯ್ತು? ಭದ್ರಾವತಿಯ ವಿಐಎಸ್‌ಎಲ್, ಎಂಪಿಎಂ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮಾತು ನನ್ನ ಹತ್ರ ನಲವತ್ತು ಗಂಟೆಯಷ್ಟಿದೆ. ಹಾಗೆ ಮಾತಾಡಿದ ಒಬ್ಬ ಹಿರಿಯರು ಈಗ ನಮ್ಮ ಜೊತೆ ಇಲ್ಲ. ಇದನ್ನೆಲ್ಲ ಮನೆಯ ಕಂಪ್ಯೂಟರ್‌ನಿಂದಲೇ ಜನರಿಗೆ ಕೇಳಿಸಬಹುದು ಅಂದುಕೊಂಡಿದ್ದೆ. ಎರಡು ತೊಡಕು ಬಂತು. ಒಂದು, ಮಳೆಗಾಲದ ಕರೆಂಟು. ಇನ್ನೊಂದು, ವಿಳಾಸ. ಮನೆ ಇಂಟರ್ನೆಟ್‌ನಲ್ಲಿ ಎಷ್ಟೋ ಸಲ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುತ್ತೆ. ನಾವು ಹೊರಗೆ ಹೋಗಬಹುದು, ಹೊರಗಿನವರು ನಮ್ಮನೆ ಹುಡುಕಿಕೊಂಡು ಬರೋಕಾಗಲ್ಲ.

ಅದಕ್ಕೇ ವಿಪಿಎಸ್, ಅಂದ್ರೆ ವರ್ಚುವಲ್ ಪ್ರೈವೇಟ್ ಸರ್ವರ್. ನಮ್ಮ ಹಳೇ ವಠಾರಗಳನ್ನ ನೆನಪು ಮಾಡಿಕೊಳ್ಳಿ. ಕಟ್ಟಡ ಒಂದೇ, ಆದ್ರೆ ಪ್ರತಿ ಬಾಡಿಗೆದಾರನಿಗೂ ಬೇರೆ ಬಾಗಿಲು, ಬೇರೆ ಬೀಗ. ಹಾಗೇ ಒಂದು ದೊಡ್ಡ ಯಂತ್ರವನ್ನ ತಂತ್ರಾಂಶದ ಮೂಲಕ ಪಾಲು ಮಾಡಿ ಕೊಡ್ತಾರೆ. ಇಷ್ಟು ಮೆಮೊರಿ, ಇಷ್ಟು ಡಿಸ್ಕ್, ನಿಮ್ಮದೇ ಒಂದು ಐಪಿ ವಿಳಾಸ. ನನ್ನಂಥ ಸಣ್ಣ ಪಾಡ್‌ಕಾಸ್ಟ್‌ಗೆ 1 ಜಿಬಿ ಮೆಮೊರಿ ಸಾಕಾಗಿದೆ.

ಯಂತ್ರ ಹತ್ತಿರದ ಊರಲ್ಲಿದ್ರೆ ಒಳ್ಳೇದು. ನೀವು ಒತ್ತಿದ ಅಕ್ಷರ ಅಲ್ಲಿವರೆಗೂ ಹೋಗಿ ವಾಪಸ್ ಬರಬೇಕಲ್ಲ. 2016ರಲ್ಲಿ ಅಮೆಜಾನ್ ಮುಂಬೈಯಲ್ಲೂ ಡಿಜಿಟಲ್‌ಓಶನ್ ಬೆಂಗಳೂರಲ್ಲೂ ಕೇಂದ್ರ ತೆರೆದ ಮೇಲೆ ನಮ್ಮಂಥವರಿಗೆ ಇದು ಸುಲಭ ಆಯ್ತು. ದುಡ್ಡು ಕಟ್ಟೋ ಮೊದಲು ನೋಡಬೇಕಾದ್ದು ಇಷ್ಟು: ಬಿಲ್ ಡಾಲರಲ್ಲಾ ರೂಪಾಯಲ್ಲಾ, ಜಿಎಸ್‌ಟಿ ಸೇರಿದೆಯಾ, ತಿಂಗಳಿಗೆ ಎಷ್ಟು ಡೇಟಾ ಹೊರಗೆ ಹೋಗಬಹುದು. ಇನ್ನೊಂದು ಮಾತು, ಎಷ್ಟೋ ಕಡೆ ಸರ್ವರ್ ಆಫ್ ಮಾಡಿಟ್ರೂ ಬಾಡಿಗೆ ಬೀಳುತ್ತೆ. ಮನೆಗೆ ಬೀಗ ಹಾಕಿ ಊರಿಗೆ ಹೋದ್ರೆ ಬಾಡಿಗೆ ನಿಲ್ಲುತ್ತಾ? ಹಂಗೇ.

ಈಗ ಒಳಗೆ ಹೋಗೋದು. ಇದಕ್ಕೆ ಎಸ್‌ಎಸ್‌ಎಚ್ ಅನ್ನೋ ವಿಧಾನ ಇದೆ. ಮೊದಲೆಲ್ಲ ಟೆಲ್‌ನೆಟ್ ಬಳಸ್ತಿದ್ರು. ಅದರಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡ್‌ನಲ್ಲಿ ಬರೆದ ಹಾಗೆ ಬಯಲಾಗಿ ಹೋಗ್ತಿತ್ತು. ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳ್ಳತನ ಆದ ಮೇಲೆ, ತಾತು ಯ್ಲೋನೆನ್ ಅನ್ನುವವರು 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದ್ರು. ಇದರಲ್ಲಿ ಎಲ್ಲ ಗೂಢಲಿಪಿಯಲ್ಲೇ ಹೋಗುತ್ತೆ. 2018ರಿಂದ ವಿಂಡೋಸ್ 10ರಲ್ಲೂ ಇದು ಜೊತೆಗೇ ಬರುತ್ತೆ. ಟರ್ಮಿನಲ್ ತೆರೆದು ಎಸ್‌ಎಸ್‌ಎಚ್, ನಿಮ್ಮ ಹೆಸರು, ಅಟ್ ಚಿಹ್ನೆ, ಐಪಿ ವಿಳಾಸ, ಇಷ್ಟು ಕೊಟ್ರೆ ಸಾಕು.

ಮೊದಲ ಸಲ ಹೋದಾಗ ಅದು ಒಂದು ಬೆರಳಚ್ಚು ತೋರಿಸಿ, ಇದೇ ಸರ್ವರಾ ಅಂತ ಕೇಳುತ್ತೆ. ಸುಮ್ನೆ ಯೆಸ್ ಅನ್ನಬೇಡಿ. ಶಿವಮೊಗ್ಗದಲ್ಲೂ ಒಂದು ಹೊಸಮನೆ ಇದೆ, ಭದ್ರಾವತಿಯಲ್ಲೂ ಒಂದಿದೆ. ಹೆಸರೊಂದನ್ನೇ ನಂಬಿ ಆಟೋ ಹತ್ತಿದ್ರೆ ಇನ್ಯಾರದೋ ಬಾಗಿಲು ತಟ್ಟಬೇಕಾಗುತ್ತೆ. ಕಂಪನಿಯ ವೆಬ್‌ಸೈಟ್‌ಗೆ ಲಾಗಿನ್ ಆದ್ರೆ ಸರ್ವರ್‌ನ ಪರದೆಯನ್ನೇ ತೋರಿಸೋ ಕನ್ಸೋಲ್ ಇರುತ್ತೆ. ಅಲ್ಲಿ ಬೆರಳಚ್ಚು ನೋಡಿ, ತಾಳೆ ಆದ್ರೆ ಮುಂದೆ ಹೋಗಿ.

ಇನ್ನು ಬೀಗ. ಪಾಸ್‌ವರ್ಡ್‌ಗಿಂತ ಕೀ ಜೋಡಿ ಒಳ್ಳೇದು. ಎಸ್‌ಎಸ್‌ಎಚ್-ಕೀಜೆನ್ ಅನ್ನೋ ಕಮಾಂಡ್ ಎರಡು ಕಡತ ಮಾಡಿಕೊಡುತ್ತೆ. ಪಬ್ಲಿಕ್ ಕೀ ಅನ್ನೋದನ್ನ ಬೀಗ ಅಂದುಕೊಳ್ಳಿ, ಎಷ್ಟು ಸರ್ವರ್‌ಗೆ ಬೇಕಾದ್ರೂ ಹಾಕಬಹುದು. ಪ್ರೈವೇಟ್ ಕೀ ಅನ್ನೋದು ಬೀಗದ ಕೈ. ಅದನ್ನ ವಾಟ್ಸ್‌ಆಪ್‌ನಲ್ಲಿ ಗೆಳೆಯನಿಗೂ ಕಳಿಸಬೇಡಿ. ಅದಕ್ಕೊಂದು ಗುಪ್ತಪದವನ್ನೂ ಇಡಿ.

ಸಣ್ಣ ಪಾಡ್‌ಕಾಸ್ಟ್ ಸರ್ವರ್ ಯಾರಿಗೆ ಬೇಕು ಅಂತ ನಾನೂ ಕೇಳಿದ್ದೆ. ಬಾಡಿಗೆ ಹಿಡಿದ ಮೊದಲ ರಾತ್ರಿಯೇ ಲಾಗ್‌ನಲ್ಲಿ ನೂರಾರು ಸೋತ ಲಾಗಿನ್‌ಗಳು. ರೂಟ್, ಅಡ್ಮಿನ್, ಟೆಸ್ಟ್ ಅಂತ ಯಂತ್ರಗಳು ಒಂದೇ ಸಮ ಬಾಗಿಲು ತಟ್ಟಿದ್ವು. ಅವಕ್ಕೆ ಬೇಕಿರೋದು ನಮ್ಮ ಆಡಿಯೋ ಅಲ್ಲ, ಬೇರೆಯವರ ಮೇಲೆ ದಾಳಿ ಮಾಡೋಕೆ ನಮ್ಮ ಯಂತ್ರ. ಕೇಂದ್ರದ ಸರ್ಟ್-ಇನ್ ಸಂಸ್ಥೆ ಏಪ್ರಿಲ್ 2022ರಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ವಿಪಿಎಸ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಸರ್ವರ್‌ನಿಂದ ಏನಾದ್ರೂ ಆದ್ರೆ, ಮೊದಲು ಪ್ರಶ್ನೆ ಬರೋದು ನಿಮ್ಮ ಹೆಸರಿಗೇ.

ಇದಕ್ಕೆ ಹೆದರಿಯೇ ಒಂದು ರಾತ್ರಿ ಫೈರ್‌ವಾಲ್ ಹಾಕೋಕೆ ಕೂತೆ. ಫೈರ್‌ವಾಲ್ ಅಂದ್ರೆ ಬೇಡದ ಬಾಗಿಲುಗಳನ್ನೆಲ್ಲ ಮುಚ್ಚೋದು. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎನೇಬಲ್ ಅಂದೆ. ಸಂಪರ್ಕ ಕಡಿದುಹೋಗಬಹುದು ಅಂತ ಅದು ಎಚ್ಚರಿಕೆ ಕೊಡ್ತು. ಓದದೇ ವೈ ಒತ್ತಿದೆ. ಆಗಲೇ ತೆರೆದಿದ್ದ ಕಿಟಕಿ ಕೆಲಸ ಮಾಡ್ತಾನೇ ಇತ್ತು. ಎಲ್ಲ ಸರಿ ಇದೆ ಅಂತ ಅದನ್ನ ಮುಚ್ಚಿ ಮಲಗಿದೆ.

ಬೆಳಿಗ್ಗೆ ಗೆಳೆಯನ ಫೋನು. ‘ಮಾರಾಯ, ನಿನ್ನ ಸಂಚಿಕೆ ಒಂದೂ ಓಡ್ತಿಲ್ಲ!’ ಒಳಗೆ ಹೋಗಿ ನೋಡೋಣ ಅಂದ್ರೆ ನನಗೇ ಪ್ರವೇಶ ಇಲ್ಲ. ಎಸ್‌ಎಸ್‌ಎಚ್‌ನ 22ನೇ ಪೋರ್ಟು, ವೆಬ್‌ಸೈಟ್‌ನ 80 ಮತ್ತು 443, ಮೂರನ್ನೂ ನಾನೇ ಮುಚ್ಚಿದ್ದೆ. ಅಷ್ಟೇ ಆಗಿದ್ರೆ ನಗಬಹುದಿತ್ತು. ಸಂಪಾದನೆಗೆ ಮುಂಚಿನ ಮೂಲ ಧ್ವನಿಗಳೆಲ್ಲ ಅದೊಂದೇ ಸರ್ವರ್‌ನಲ್ಲಿದ್ವು. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಎರಡು ವಾರದ ಹಿಂದಷ್ಟೇ ಅಳಿಸಿದ್ದೆ. ತೀರಿಹೋದ ಆ ಹಿರಿಯರ ಮಗಳಿಗೆ, ‘ಅಕ್ಕ, ನಿಮ್ಮಪ್ಪನ ಮಾತು ಜೋಪಾನವಾಗಿದೆ’ ಅಂತ ಹೇಳಿದ್ದೆ. ಆ ಬೆಳಿಗ್ಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಉಳಿಸಿದ್ದು ಆಗಲೇ ಹೇಳಿದ ಕನ್ಸೋಲ್. ಅದು ಈ ಪೋರ್ಟುಗಳ ಮೂಲಕ ಹೋಗಲ್ಲ. ಕೀ ಇದೆಯಲ್ಲ ಅಂತ ನಾನು ಪಾಸ್‌ವರ್ಡ್ ಇಟ್ಟೇ ಇರಲಿಲ್ಲ, ಹಾಗಾಗಿ ಮೊದಲು ರೂಟ್ ಪಾಸ್‌ವರ್ಡ್ ಹೊಸದು ಮಾಡಿಸಬೇಕಾಯ್ತು. ಒಳಗೆ ಹೋಗಿ ಮೂರೂ ಪೋರ್ಟು ತೆರೆಯೋ ಹೊತ್ತಿಗೆ ಮಧ್ಯಾಹ್ನ.

ಅವತ್ತಿಂದ ನಾನು ತಪ್ಪದೆ ಪಾಲಿಸೋ ಕ್ರಮ ಹೇಳ್ತೀನಿ. ಮೊದಲು ಯುಎಫ್‌ಡಬ್ಲ್ಯು ಅಲೋ ಓಪನ್‌ಎಸ್‌ಎಸ್‌ಎಚ್, ಆಮೇಲೆ ವೆಬ್‌ಸೈಟ್‌ನ ಪೋರ್ಟುಗಳು, ಎಲ್ಲಕ್ಕಿಂತ ಕೊನೆಗೆ ಎನೇಬಲ್. ತೆರೆದ ಕಿಟಕಿಯನ್ನ ಹಾಗೇ ಬಿಟ್ಟು, ಇನ್ನೊಂದು ಹೊಸ ಕಿಟಕಿಯಿಂದ ಒಳಗೆ ಹೋಗೋಕಾಗುತ್ತಾ ನೋಡಿ. ಆದ್ರೆ ಮಾತ್ರ ಹಳೇದನ್ನ ಮುಚ್ಚಿ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವಾಗಲೂ ಇದೇ ಕ್ರಮ, ಕೀ ಕೆಲಸ ಮಾಡೋದು ಖಾತ್ರಿ ಆದ ಮೇಲೇ. ಲ್ಯಾಪ್‌ಟಾಪ್ ಕೆಟ್ರೆ ಇರಲಿ ಅಂತ ಫೋನ್‌ನ ಟರ್ಮಕ್ಸ್‌ನಲ್ಲಿ ಇನ್ನೊಂದು ಕೀ ಜೋಡಿ ಮಾಡಿಟ್ಟಿದ್ದೀನಿ.

ಇನ್ನು ಆ ನಲವತ್ತು ಗಂಟೆ ಈಗ ಮೂರು ಕಡೆ ಇದೆ: ಸರ್ವರ್‌ನಲ್ಲಿ, ನನ್ನ ಬೀರುವಿನ ಹಾರ್ಡ್‌ಡಿಸ್ಕ್‌ನಲ್ಲಿ, ಮತ್ತೆ ಭದ್ರಾವತಿಯಲ್ಲಿ ಆ ಅಕ್ಕನ ಮನೆಯ ಪೆನ್‌ಡ್ರೈವ್‌ನಲ್ಲಿ. ಪೆನ್‌ಡ್ರೈವ್ ಕೊಡೋಕೆ ಹೋದಾಗ ನಡೆದಿದ್ದನ್ನೆಲ್ಲ ಒಪ್ಪಿಕೊಂಡೆ. ‘ಮೊದಲೇ ಕೊಡೋದಲ್ವೇನಪ್ಪಾ’ ಅಂದ್ರು ಅಷ್ಟೇ. ನಿಮ್ಮ ಹತ್ರಾನೂ ಅಂಥ ಧ್ವನಿ, ಫೋಟೋ ಇದ್ರೆ, ಸರ್ವರ್ ಹಿಡಿಯೋದು ಆಮೇಲೆ ಆಗ್ಲಿ. ಇವತ್ತು ರಾತ್ರಿ ಇನ್ನೊಂದು ಪ್ರತಿ ಮಾಡಿಡಿ. ಮುಂದಿನ ವಾರ ಸಿಗೋಣ.