ಹೊಳೆಯ ರೀವ

1964ರಲ್ಲಿ ಶಂಕುಸ್ಥಾಪನೆಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಇಂದು ಘಟಪ್ರಭೆಯ ಪಾತ್ರದಲ್ಲಿ ಬಾಗಲಕೋಟೆಯವರೆಗೂ ಹಬ್ಬಿದೆ. ಕಡಲು ಬಹುದೂರವಿದ್ದರೂ ಕಡಲಹಕ್ಕಿಗಳ ಬಂಧುವಾದ ಹೊಳೆಯ ರೀವವು ಇಲ್ಲಿ ಕಾಣಸಿಗುತ್ತದೆ. ಬೂದುಬಣ್ಣದ ಮೈ, ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ ಇವು ಅದರ ಗುರುತುಗಳು. ನೀರಿನ ಮೇಲೆ ಸುಳಿದಾಡುವ ಈ ಹಕ್ಕಿಯು ಮೀನು ಕಂಡೊಡನೆ ಬಾಣದಂತೆ ಎರಗುತ್ತದೆ.

ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರೀವವು ಬರಿನೆಲದ ತಗ್ಗಿನಲ್ಲಿ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಅವುಗಳಿಗೆ ಮಣ್ಣಿನ ಬಣ್ಣವೇ ಮರೆ. ತಾಯಿತಂದೆಗಳ ಮೈಯೇ ನೆರಳು. ಛಾಯಾಚಿತ್ರದ ಆಸೆಯಿಂದ ದೋಣಿಯಲ್ಲಿ ಬಂದವರು ನಡುಗಡ್ಡೆಗೆ ಇಳಿದರೆ ಹಕ್ಕಿಗಳು ಬೆದರಿ ಮೇಲೇಳುತ್ತವೆ. ಕಾವಲಿಲ್ಲದ ಮೊಟ್ಟೆಗಳು ಸುಡುಬಿಸಿಲಿಗೆ ಬೇಯುತ್ತವೆ, ಇಲ್ಲವೆ ಕಾಗೆಗಳ ಪಾಲಾಗುತ್ತವೆ. ಆದುದರಿಂದ ಬಲ್ಲವರು ದೋಣಿಯನ್ನು ದೂರದಲ್ಲಿಯೇ ನಿಲ್ಲಿಸಿ, ಸದ್ದಿಲ್ಲದೆ ಕಾದು ಚಿತ್ರ ತೆಗೆಯುತ್ತಾರೆ. ಹಕ್ಕಿಯನ್ನು ಗೂಡಿನಿಂದ ಎಬ್ಬಿಸದೆ ತೆಗೆದ ಚಿತ್ರವೇ ಉತ್ತಮ ಚಿತ್ರ.