ಹಳೆಯ ರಾಜಕೀಯ ವ್ಯಂಗ್ಯಚಿತ್ರಗಳ ಜಿಗ್‌ಸಾ ತಯಾರಿಕೆ: ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ದಾವಣಗೆರೆ ನಗರ ಹಾಗೂ ಹರಿಹರದಲ್ಲಿ ಮುದ್ರಣಾಲಯ ಅಥವಾ ರಟ್ಟಿನ ಪೆಟ್ಟಿಗೆ ಘಟಕ ಹೊಂದಿರುವವರು, ಚಿತ್ರದ ತುಂಡುಗಳನ್ನು ಜೋಡಿಸುವ ಜಿಗ್‌ಸಾ ಆಟಿಕೆಯ ತಯಾರಿಕೆಯನ್ನು ಉಪಕಸುಬಾಗಿ ಕೈಗೊಳ್ಳಬಹುದು. ಅದಕ್ಕೆ ಐತಿಹಾಸಿಕ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬಳಸಬಯಸುವವರು ಮುದ್ರಣಕ್ಕೆ ಹಣ ಹೂಡುವ ಮುನ್ನವೇ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಲಂಡನ್ನಿನ ನಕಾಶೆ ತಯಾರಕ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ಗಡಿರೇಖೆಗಳ ಗುಂಟ ಕತ್ತರಿಸಿ, ಮಕ್ಕಳ ಭೂಗೋಳ ಪಾಠಕ್ಕಾಗಿ ಮಾರಿದನು. ಅದಕ್ಕೂ ಮುನ್ನ, 1754ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಎಂಟು ತುಂಡಾದ ಹಾವಿನ ಚಿತ್ರ ಪ್ರಕಟಿಸಿ, ಅಮೆರಿಕದ ವಸಾಹತುಗಳು ಒಗ್ಗೂಡದಿದ್ದರೆ ಉಳಿಗಾಲವಿಲ್ಲವೆಂದು ಸೂಚಿಸಿದ್ದನು. ವ್ಯಂಗ್ಯಚಿತ್ರದಲ್ಲಿ ಸಣ್ಣ ವಿವರಗಳಿಗೂ ಅರ್ಥವಿರುವುದರಿಂದ, ತುಂಡು ಜೋಡಿಸುವವರು ಚಿತ್ರವನ್ನು ನಿಧಾನವಾಗಿ ಓದಿದಂತಾಗುತ್ತದೆ.

ಕರ್ನಾಟಕಕ್ಕೆ ಸಂಬಂಧಿಸಿದ ಹಳೆಯ ಚಿತ್ರಗಳೂ ಇವೆ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಆಹಾರದ ಅಭಾವ ಹಾಗೂ ಮಳೆಯಿಂದ ಶ್ರೀರಂಗಪಟ್ಟಣದ ಬಳಿಯಿಂದ ಹಿಮ್ಮೆಟ್ಟಿದ್ದನ್ನು ಅದೇ ವರ್ಷ ಜೇಮ್ಸ್ ಗಿಲ್‌ರೇ ಎಂಬ ಆಂಗ್ಲ ಕಲಾವಿದನು ಚಿತ್ರಿಸಿ ಲೇವಡಿ ಮಾಡಿದನು. ಕನ್ನಡದಲ್ಲಿ ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆಗೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರು ತಮ್ಮ ಯೌವನದಲ್ಲಿ ಚಿತ್ರ ಬರೆದಿದ್ದರು.

ಚಿತ್ರ ಹಳೆಯದಾದ ಮಾತ್ರಕ್ಕೆ ಮುಕ್ತವಲ್ಲ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಕಲಾವಿದರ ಜೀವಿತಾವಧಿಯಲ್ಲಿಯೂ, ಅವರು ನಿಧನರಾದ ಮರುವರ್ಷದ ಜನವರಿ 1ರಿಂದ 60 ವರ್ಷಗಳವರೆಗೂ ಇರುತ್ತದೆ. ಅವಧಿಯನ್ನು ಚಿತ್ರ ಪ್ರಕಟವಾದ ವರ್ಷದಿಂದಲ್ಲ, ಕಲಾವಿದರ ನಿಧನದ ವರ್ಷದಿಂದ ಎಣಿಸತಕ್ಕದ್ದು. ಉದಾಹರಣೆಗೆ:

1. ಜೇಮ್ಸ್ ಗಿಲ್‌ರೇ: ನಿಧನ 1815. ಚಿತ್ರಗಳು ಮುಕ್ತ.
2. 'ಶಂಕರ್ಸ್ ವೀಕ್ಲಿ'ಯ ಶಂಕರ್: ನಿಧನ 1989. ಕೃತಿಸ್ವಾಮ್ಯ 31-12-2049ರವರೆಗೆ.
3. ಆರ್.ಕೆ. ಲಕ್ಷ್ಮಣ್: ನಿಧನ 2015. ಕೃತಿಸ್ವಾಮ್ಯ 31-12-2075ರವರೆಗೆ. 1940ರ ದಶಕದ ಚಿತ್ರಕ್ಕೂ ಇದೇ ಅವಧಿ.
4. ಹೆಸರಿಲ್ಲದೆ 1942ರಲ್ಲಿ ಪ್ರಕಟವಾದ ಚಿತ್ರ: 31-12-2002ರವರೆಗೆ. ಆದರೆ ಅದರೊಳಗೆ ಕಲಾವಿದರು ಯಾರೆಂಬುದು ಬಹಿರಂಗವಾಗಿದ್ದಲ್ಲಿ ನಿಧನದ ವರ್ಷದ ಲೆಕ್ಕವೇ ಅನ್ವಯಿಸುತ್ತದೆ.

ಮೂಲಚಿತ್ರ ಮುಕ್ತವಾಗಿದ್ದರೂ, ಸಂಗ್ರಹಾಲಯಗಳು ಒದಗಿಸುವ ಛಾಯಾಪ್ರತಿಯ ವಾಣಿಜ್ಯ ಬಳಕೆಗೆ ಪ್ರತ್ಯೇಕ ಷರತ್ತುಗಳಿರಬಹುದು. ಅವುಗಳನ್ನು ಓದಿ ಮುಂದುವರಿಯುವುದು.

ಅನುಮತಿ ಯಾರಿಂದ?

ಪತ್ರಿಕೆಯ ಅನುಮತಿ ಪಡೆದರೆ ಸಾಕೆಂಬ ತಿಳಿವಳಿಕೆ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಪತ್ರಿಕೆಯ ನೌಕರಿಯಲ್ಲಿದ್ದ ಕಲಾವಿದರು ಪತ್ರಿಕೆಗಾಗಿ ಬರೆದ ಚಿತ್ರದಲ್ಲಿ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾಲೀಕರಿಗೆ ಸಲ್ಲುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ. ಆಟಿಕೆಯಂತಹ ಇತರ ಬಳಕೆಯ ಹಕ್ಕು ಕಲಾವಿದರಲ್ಲಿಯೇ, ಅವರ ನಂತರ ವಾರಸುದಾರರಲ್ಲಿ ಉಳಿಯುತ್ತದೆ. ಆದ್ದರಿಂದ ಇಬ್ಬರನ್ನೂ ವಿಚಾರಿಸಿ, ಲಿಖಿತ ಹಾಗೂ ಸಹಿ ಮಾಡಿದ ಅನುಮತಿ ಪಡೆಯತಕ್ಕದ್ದು. ಅದರಲ್ಲಿ ಚಿತ್ರದ ವಿವರ, ಅವಧಿ, ಪ್ರದೇಶ ಹಾಗೂ ಗೌರವಧನವನ್ನು ನಮೂದಿಸತಕ್ಕದ್ದು. ಅವಧಿ ನಮೂದಿಸದಿದ್ದಲ್ಲಿ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುವುದು. ತುಂಡು ಮಾಡುವಾಗ ಅಂಚಿನಲ್ಲಿರುವ ಕಲಾವಿದರ ಸಹಿಯನ್ನು ಕತ್ತರಿಸಿ ತೆಗೆಯಬಾರದು. ಕೃತಿಯ ಕರ್ತೃವೆಂದು ಗುರುತಿಸಿಕೊಳ್ಳುವ ಹಕ್ಕು, ಕೃತಿಸ್ವಾಮ್ಯವನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೂ ಕಲಾವಿದರದೇ ಆಗಿರುತ್ತದೆ.

ಉಲ್ಲಂಘನೆಯ ಪರಿಣಾಮ

ಸಣ್ಣ ಘಟಕಕ್ಕೆ ಅಚ್ಚು, ಮುದ್ರಣ, ರಟ್ಟು ಹಾಗೂ ಪೆಟ್ಟಿಗೆಯ ವೆಚ್ಚ ಮಾರಾಟಕ್ಕೆ ಮೊದಲೇ ತಗಲುತ್ತದೆ. ಉಲ್ಲಂಘನೆಯಿಂದ ತಯಾರಾದ ಪ್ರತಿಗಳನ್ನು ಕಾನೂನು ಹಕ್ಕುದಾರರ ಸ್ವತ್ತೆಂದೇ ಭಾವಿಸುವುದರಿಂದ ಇಡೀ ದಾಸ್ತಾನು ಕೈತಪ್ಪಬಹುದು. ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 2,00,000ದವರೆಗೆ ದಂಡ ವಿಧಿಸಲು ಅವಕಾಶವಿದೆ. ಹಕ್ಕುದಾರರು ತಾವು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿಯೂ ದಾವೆ ಹೂಡಬಹುದಾದ್ದರಿಂದ, ಹರಿಹರದ ತಯಾರಕರು ದೂರದ ನಗರಕ್ಕೆ ಅಲೆಯಬೇಕಾದೀತು.

ಇತರ ನೋಂದಣಿಗಳು

ಅ) ಉದ್ಯಮ್ ನೋಂದಣಿ: ಆನ್‌ಲೈನ್ ಮೂಲಕ, ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ.
ಆ) 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 01-01-2021ರಿಂದ ಐ.ಎಸ್.ಐ. ಗುರುತು ಕಡ್ಡಾಯ. ಪರವಾನಗಿಗೆ ಭಾರತೀಯ ಮಾನಕ ಬ್ಯೂರೋಗೆ ಅರ್ಜಿ ಸಲ್ಲಿಸುವುದು.
ಇ) ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ವಿಳಾಸ, ತುಂಡುಗಳ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ನಮೂದಿಸತಕ್ಕದ್ದು.

ಸ್ಥಳೀಯ ಕಲಾವಿದರಿಂದ ಹೊಸ ಚಿತ್ರ ಬರೆಸಿದಲ್ಲಿಯೂ ಲಿಖಿತ ಕರಾರು ಅಗತ್ಯ. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲವಾದರೂ, ವಿವಾದ ಉಂಟಾದಾಗ ಅದು ಪುರಾವೆಯಾಗಿ ನೆರವಾಗುತ್ತದೆ.

ವಿ.ಸೂ.: ಕಲಾವಿದರ ನಿಧನದ ವರ್ಷ ಖಚಿತವಾಗದ ಚಿತ್ರವನ್ನು ಮುದ್ರಣಕ್ಕೆ ಕಳುಹಿಸದಿರುವುದು ಕ್ಷೇಮ.