ನಾಯಿಯ ಶಿಕ್ಷಣ: ಲಾಲನೆಯೋ ತಾಡನೆಯೋ?

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ವೃತ್ತಾಂತವೊಂದುಂಟು. ಜನಮೇಜಯನ ಸತ್ರಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ. ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು, ಮಗನ ಅಪರಾಧವೇನೆಂದು ಕೇಳಲು ಯಾರಲ್ಲಿಯೂ ಉತ್ತರವಿರಲಿಲ್ಲ. ಈ ಕಥೆಯನ್ನು ಎಷ್ಟೋ ವರ್ಷ ಪಾಠ ಹೇಳಿದ ನಾವೇ ಅದರ ಅರ್ಥವನ್ನು ಈಚೆಗಷ್ಟೇ ತಿಳಿದೆವು.

ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಮುಧೋಳ ತಳಿಯ ನಾಯಿಯೊಂದಿದೆ. ಓಡುವ ಪ್ರಾಣಿಯನ್ನು ಕಣ್ಣಿನಿಂದಲೇ ಹಿಡಿದು ಬೆನ್ನಟ್ಟುವುದು ಈ ತಳಿಯ ಹುಟ್ಟುಗುಣ. ಅದು ನೆರೆಮನೆಯ ಆಡಿನ ಮರಿಗಳನ್ನು ಅಟ್ಟತೊಡಗಿತು. ನಾವು ಕೂಗಿ ಕರೆಯುವೆವು. ಅದು ಬಹಳ ಹೊತ್ತಿನ ಮೇಲೆ ಬರುವುದು. ಬಂದೊಡನೆ ಬೆತ್ತದಿಂದ ಎರಡು ಕೊಡುವೆವು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಕರೆದರೆ ಬಾರದೆ ದೂರದಲ್ಲೇ ನಿಂತಿತು.

ಆಗ ನಾಯಿಗಳನ್ನು ಪಳಗಿಸುವ ಇಬ್ಬರನ್ನು ವಿಚಾರಿಸಿದೆವು. ಇಬ್ಬರದೂ ಬೇರೆ ಬೇರೆ ಮತ. ಒಬ್ಬರು ಪುರಸ್ಕಾರಪಕ್ಷದವರು: ಒಳ್ಳೆಯ ನಡತೆಗೆ ಆ ಕ್ಷಣವೇ ತಿನಿಸು, ಹೊಗಳಿಕೆ, ತಪ್ಪಿಗೆ ಅವಕಾಶವನ್ನೇ ಕೊಡದಿರುವುದು. ಮತ್ತೊಬ್ಬರು ತಿದ್ದುಪಾಟಿನ ಪಕ್ಷದವರು: ಬೆನ್ನಟ್ಟುವುದೇ ನಾಯಿಗೆ ಪರಮಸುಖವಾದಾಗ ಒಂದು ತುಣುಕು ರೊಟ್ಟಿ ಏನು ಮಾಡೀತು? ತಪ್ಪು ನಡೆಯುವ ಕ್ಷಣದಲ್ಲಿ ಹಗ್ಗವನ್ನೊಮ್ಮೆ ಸೆಳೆದರೆ, ರಸ್ತೆಯಲ್ಲಿ ಸಾಯುವ ನಾಯಿ ಉಳಿಯುವುದಲ್ಲವೆ?

ಈ ವಾದ ಹಳೆಯದು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಗ್ರಂಥದಲ್ಲಿ ತಿದ್ದುಪಾಟಿಗೆ ದೊಡ್ಡ ಸ್ಥಾನವಿತ್ತು. ಅಮೆರಿಕೆಯ ಸ್ಕಿನ್ನರನು 1938ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಪುರಸ್ಕಾರಪಕ್ಷಕ್ಕೆ ಶಾಸ್ತ್ರಾಧಾರ ದೊರೆಯಿತು. 2020ರಲ್ಲಿ ಪೋರ್ತುಗಲ್ಲಿನ ವಿದ್ವಾಂಸರು 92 ನಾಯಿಗಳನ್ನು ಪರೀಕ್ಷಿಸಿ, ನೋವು ಬೆದರಿಕೆಗಳನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಆತಂಕದ ಲಕ್ಷಣಗಳು ಅಧಿಕವೆಂದು ಕಂಡರು. ಮರುವರ್ಷ ಅಮೆರಿಕೆಯ ಪ್ರಾಣಿವರ್ತನಾ ಪಶುವೈದ್ಯರ ಸಂಘವೂ ಪುರಸ್ಕಾರಮಾರ್ಗವನ್ನೇ ವಿಧಿಸಿತು. ನಮ್ಮ ದೇಶದಲ್ಲಿಯೂ ಪ್ರಾಣಿಯನ್ನು ಹೊಡೆದು ಹಿಂಸಿಸುವುದು 1960ರ ಕಾಯಿದೆಯಂತೆ ಅಪರಾಧ.

ಆದರೆ ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಎಲ್ಲದರಲ್ಲಿಯೂ ಭಿನ್ನರಾದ ಆ ಇಬ್ಬರೂ ನಮ್ಮ ಬೆತ್ತದ ವಿಷಯದಲ್ಲಿ ಮಾತ್ರ ಒಂದೇ ಮಾತು ಹೇಳಿದರು. ನಾಯಿ ಮನೆಗೆ ಬರುವ ಹೊತ್ತಿಗೆ ಆಡಿನ ಮರಿ ಅದರ ಪಾಲಿಗೆ ಮುಗಿದ ಸಂಗತಿ. ಕರೆದಾಗ ಬಂದದ್ದೊಂದೇ ಅದು ಆಗ ಮಾಡಿದ ಕಾರ್ಯ. ಪೆಟ್ಟು ಬಿದ್ದದ್ದು ಅದಕ್ಕೆ. ನಮ್ಮ ಲೆಕ್ಕದಲ್ಲಿ ಅಪರಾಧಿ, ಅದರ ಲೆಕ್ಕದಲ್ಲಿ ನಿರಪರಾಧಿ.

ಈಗ ಉದ್ದನೆಯ ಹಗ್ಗ ಕಟ್ಟಿದ್ದೇವೆ. ಮೊದಲು ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ, ಕಡೆಗೆ ಆಡುಗಳು ದೂರದಲ್ಲಿ ಕಾಣುವೆಡೆಯಲ್ಲಿ ಕರೆದು, ಬಂದಾಗಲೆಲ್ಲ ರೊಟ್ಟಿಯ ಚೂರು ಕೊಡುತ್ತೇವೆ. ಬರುತ್ತಿದೆ. ಆಡುಗಳ ಬಳಿ ಹಗ್ಗ ಬಿಚ್ಚುವ ಧೈರ್ಯ ಇನ್ನೂ ನಮಗಿಲ್ಲ. ತಿದ್ದುಪಾಟಿನವರ ಶಂಕೆ ಪೂರ್ತಿ ಸುಳ್ಳಲ್ಲವೆಂದು ಒಪ್ಪುತ್ತೇವೆ.

ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿತು. ಅದಕ್ಕೆ ಮುಂಚೆ ನಾವೂ ಬೆತ್ತ ಹಿಡಿದವರೇ. ಮನೆಯಾಕೆ ಬಟ್ಟೆ ಹರವಲು ಕೋಲೆತ್ತಿದರೂ ನಾಯಿ ಇಂದಿಗೂ ಮುದುರಿಕೊಳ್ಳುತ್ತದೆ. ಅದನ್ನು ಕಂಡಾಗ, ಏತಕ್ಕೆ ಪೆಟ್ಟೆಂದು ತಿಳಿಯದೆ ಕೈಚಾಚಿ ನಿಂತಿದ್ದ ಹುಡುಗರು ಎಷ್ಟು ಮಂದಿಯಿದ್ದರೋ ಎಂದು ನಾವು ಲೆಕ್ಕ ಹಾಕುತ್ತೇವೆ.